ಅಳುವ ಅಕ್ಕನ ಕಣ್ಣುರೆಪ್ಪೆ

೧೯೯೧ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಇಯತ್ತೆಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮಾಸ್ತರು ಮಾವಳ್ಳಿಯ ನಮ್ಮ ಮನೆಯವರೆಗೂ ಬಂದು ಅಪ್ಪನಿಗೆ ಹೇಳಿ ಹೋದರು. ಅಷ್ಟು ಹೊತ್ತಿಗೆ ನಾನು ಮೀನು ಸಾಗಿಸುವ ಟೆಂಪೊದಲ್ಲಿ ಬುಟ್ಟಿ ಏರಿಸಿ ಇಳಿಸುವ ಕೆಲಸ ಹಿಡಿದಾಗಿತ್ತು. ಮುಂದೆ ಅದೇ ಟೆಂಪೊದ ಸ್ಟೇರಿಂಗ್ ಹಿಡಿದೆ. ಅದಾದ ಮೇಲೆ ನನ್ನದೇ ಗಾಡಿ ತೆಗೆದೆ. ಇದನ್ನು ಹೇಳುವಾಗ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಆದರೆ ಬರೆಯಲು ಕೂತದ್ದು ನನ್ನ ವಿಷಯವಲ್ಲ. ನನ್ನ ಗಾಡಿಯ ಎಡಗಡೆ ಸೀಟಿನಲ್ಲಿ ವರ್ಷಗಟ್ಟಲೆ ಕೂತು ಬಂದ ಒಬ್ಬ ಹೆಂಗಸಿನ ವಿಷಯ. ಅವಳು ಹೋಗಿ ಒಂದು ಮಳೆಗಾಲ ಕಳೆಯಿತು. ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರೂ ಕಡಿಮೆಯೇ. ಭಟ್ಕಳದಿಂದ ಕುಮಟೆಯವರೆಗೆ ಯಾವ ಮೀನುಪೇಟೆಯಲ್ಲಿ ಕೇಳಿದರೂ 'ಅಳುವ ಅಕ್ಕ' ಎಂದರೆ ಸಾಕಿತ್ತು.

ಅವಳ ಗಂಡ ಹೋದ ದೋಣಿ ಮರಳಲಿಲ್ಲ. ನಾನು ಗಾಡಿ ಓಡಿಸಲು ಕಲಿಯುವುದಕ್ಕಿಂತ ಹಿಂದಿನ ಮಾತು. ಜೊತೆಗಿದ್ದವನ ಹೆಣ ಹೊನ್ನಾವರದ ಕಡೆ ದಡಕ್ಕೆ ಬಂತಂತೆ. ಇವಳ ಗಂಡನದು ಬರಲೇ ಇಲ್ಲ. ಆವತ್ತಿನಿಂದ ಅವಳ ಕಣ್ಣೀರು ನಿಂತದ್ದನ್ನು ನೋಡಿದವರಿಲ್ಲ ಎಂದು ಊರು ಹೇಳುತ್ತಿತ್ತು. ಸುಳ್ಳಲ್ಲ. ನಾನು ಕಂಡ ಮೊದಲ ದಿನವೂ ಅವಳ ಎರಡೂ ಕೆನ್ನೆಯ ಮೇಲೆ ನೀರಿನ ಗೆರೆ ಇತ್ತು. ಬೆಳಗಿನ ಬಿಸಿಲು ಬಿದ್ದಾಗ ಅದು ತಾರ್ಲೆ ಮೀನಿನ ಹೊಟ್ಟೆಯ ಹಾಗೆ ಹೊಳೆಯುತ್ತಿತ್ತು. ಬಾಯಿ ಮಾತ್ರ ಅಳುತ್ತಿರಲಿಲ್ಲ. ಅದು ಎಲೆಯಡಿಕೆ ಜಗಿಯುತ್ತ, ಬೈಯುತ್ತ, ನಗುತ್ತ ತನ್ನ ಪಾಡಿಗೆ ತಾನಿರುತ್ತಿತ್ತು. ಕಣ್ಣು ಒಬ್ಬರದು, ಬಾಯಿ ಇನ್ನೊಬ್ಬರದು ಎಂಬಂತೆ. ಅದು ಯಾಕೆ ಹಾಗೆ ಎಂದು ಆಗ ಯಾರೂ ಯೋಚಿಸಲಿಲ್ಲ. ಹೊಸ ಸೊಸೆಯಂದಿರಿಗೆ ಅತ್ತೆಯಂದಿರು ಅವಳನ್ನು ದೂರದಿಂದ ತೋರಿಸಿ, "ನೋಡೇ, ಗಂಡನ್ನ ನೆನೆಯುದು ಹೇಳಿದ್ರೆ ಹಂಗೆ" ಎನ್ನುತ್ತಿದ್ದರು.

ನಮ್ಮ ಕೇರಿಯಲ್ಲಿ ಒಂದು ನಂಬಿಕೆ ಇತ್ತು. ದೋಣಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಆ ಮನೆಯ ಹೆಂಗಸರು ಅಳಬಾರದು. ಬದುಕಿರುವವನಿಗೆ ಅತ್ತರೆ ಅಪಶಕುನ. ಎದೆ ಒಡೆಯುವಂತಿದ್ದರೂ ತುಟಿ ಕಚ್ಚಿ ಕೂರಬೇಕು. ಅಂಥ ಮನೆಗೆ ಮೊದಲು ಕರೆಯುತ್ತಿದ್ದುದು ಅಳುವ ಅಕ್ಕನನ್ನು. ಅವಳು ಹೋಗಿ ಜಗಲಿಯಲ್ಲಿ ಕೂರುತ್ತಿದ್ದಳು, ಅಷ್ಟೇ. ಮನೆಯವರ ಪರವಾಗಿ ಅವಳ ಕಣ್ಣು ಹರಿಯುತ್ತಿತ್ತು. ಅವಳದು ಹಳೇ ನೀರು, ಹಳೇ ದುಃಖದ್ದು. ಅದರಿಂದ ಯಾರಿಗೂ ಕೇಡಿಲ್ಲ. ಅವಳು ಬಂದು ಕೂತಳೆಂದರೆ ಮನೆಯ ಹೆಂಗಸರಿಗೆ ಉಸಿರು ಬಂದಂತಾಗುತ್ತಿತ್ತು. ಎಷ್ಟೋ ಸಲ ನಾನೇ ಗಾಡಿಯಲ್ಲಿ ಕರೆದೊಯ್ದು ಬಿಟ್ಟಿದ್ದೇನೆ. ಹೆಚ್ಚಿನ ಸಲ ದೋಣಿ ಬರುತ್ತಿತ್ತು. ಬಂದ ಗಂಡಸರು ಅವಳ ಬುಟ್ಟಿಗೆ ಒಳ್ಳೆಯ ಮೀನು ಹಾಕಿ, "ಅಕ್ಕಾ, ನಿನ್ನ ಕಣ್ಣು ದೊಡ್ಡದು" ಎನ್ನುತ್ತಿದ್ದರು.

ಬೆಳಿಗ್ಗೆ ಬಂದರದಲ್ಲಿ ಬುಟ್ಟಿ ಹೇರಿಕೊಂಡು ಶರಾವತಿ ಸೇತುವೆ ದಾಟಿ ಕುಮಟೆಗೆ ಹೋಗುವುದು ನಮ್ಮ ದಿನಚರಿ. ಹಿಂದೆ ಹೆಂಗಸರು, ಬುಟ್ಟಿಗಳು, ಕರಗುವ ಐಸಿನ ನೀರು. ಮುಂದೆ ಅವಳೊಬ್ಬಳು. ಗಾಳಿ ತಾಗಬಾರದೆಂದು ಗಾಜು ಏರಿಸಿ, ಕಣ್ಣು ಅರ್ಧ ಮುಚ್ಚಿ ಕೂರುತ್ತಿದ್ದಳು. ಬೆಳಕು ಅವಳಿಗೆ ಚುಚ್ಚುತ್ತಿತ್ತು. ಚಳಿಗಾಲದ ಮಂಜಿನಲ್ಲಿ ಸೇತುವೆಯ ಆಚೆ ತುದಿ ಕಾಣದೆ, ಕೆಳಗೆ ಹೊಳೆಯೂ ಕಾಣದೆ, ಗಾಡಿ ಎಲ್ಲಿಗೂ ತಾಗದೆ ಹೋಗುತ್ತಿದ್ದಂಥ ಬೆಳಿಗ್ಗೆಗಳಲ್ಲಿ ಮಾತ್ರ ಅವಳು ಕಣ್ಣು ಪೂರ್ತಿ ತೆರೆಯುತ್ತಿದ್ದಳು.

"ಎಂತ ಕಾಣ್ತದೆ ಅಕ್ಕಾ?" ಎಂದು ಒಮ್ಮೆ ಕೇಳಿದೆ.

"ನಂಗೆ ದಿನಾ ಕಾಣುದು ಇದೇಯ. ಇಂದು ನಿಮ್ಗೂ ಕಾಣ್ತದೆ, ಅಷ್ಟೇಯ."

"ದಿನಾ ಹಿಂಗೇ ಕಾಣ್ತದಾ?"

"ಹೌದಾ ತಮಾ. ಎಲ್ಲಾ ನೀರೊಳಗೆ ಕಂಡಂಗೆ. ದೀಪ ಕಂಡ್ರೆ ಅದ್ರ ಸುತ್ತ ಕೂದ್ಲು ಹುಟ್ಟಿದಂಗೆ. ದೋಣಿ ಒಂದಿದ್ರೆ ಎರಡು. ತೆಂಗಿನಮರ ನಿಂತಲ್ಲೇ ಈಜ್ತಾ ಇರ್ತದೆ."

"ಹೆದ್ರಿಕೆ ಆಗುದಿಲ್ವಾ?"

"ಎಂತಕ್ಕೆ ಹೆದ್ರಿಕೆ? ಚಂದ ಕಾಣ್ತದೆ. ಅವ್ರು ಹೋದ ಮೇಲೆ ಎಂತದಾದ್ರೂ ಒಂದು ಚಂದ ಕಾಣ್ಬೇಕಲಾ."

ಆ ಮಾತು ಕೇಳಿದ ಮೇಲೆ ನನಗೂ ದಾರಿ ಬೇರೆಯಾಗಿ ಕಾಣತೊಡಗಿತು. ಎಡಗಡೆ ಸಮುದ್ರ ಕಂಡು ಮರೆಯಾಗುವಲ್ಲಿ, ತೆಂಗಿನ ಸಾಲಿನ ನಡುವಿನಿಂದ ಬೆಳಕು ತುಂಡು ತುಂಡಾಗಿ ಗಾಡಿಯೊಳಗೆ ಬೀಳುವಲ್ಲಿ, ನಾನು ಅರೆಗಣ್ಣು ಮಾಡಿ ನೋಡುತ್ತಿದ್ದೆ. ಒಂದು ಕ್ಷಣ ಎಲ್ಲವೂ ತೇಲುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರಾದರೂ ಹೆಂಗಸು ತಗಡು ಬಡಿದು, "ಡ್ರೈವರಾ, ನಿದ್ರೆಯನಾ?" ಎಂದು ಕೂಗುತ್ತಿದ್ದಳು.

ವ್ಯಾಪಾರದಲ್ಲಿ ಅವಳ ಹತ್ತಿರ ಚೌಕಾಸಿ ಮಾಡಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಕಣ್ಣೀರು ಸುರಿಸುತ್ತಿರುವ ಹೆಂಗಸಿನ ಮುಂದೆ ನಿಂತು ಬಂಗಡೆಗೆ ರೇಟು ಕಡಿಮೆ ಮಾಡು ಎನ್ನುವುದು ಹೇಗೆ? ಕೆಲವು ದಿನ ಭಟ್ಕಳದ ಕಡೆಗೂ ಹೋಗುತ್ತಿದ್ದೆವು; ಅಲ್ಲಿ ಒಬ್ಬರು ಬೀಬಿ ಇದ್ದರು. ಬಾಗಿಲ ಪರದೆಯ ಹಿಂದಿನಿಂದ ಬರೀ ಕೈ ಚಾಚಿ ಮೀನು ಕೊಳ್ಳುವವರು. ಒಂದು ದಿನ ಪರದೆ ಸರಿಸಿ ಇವಳ ಮುಖ ನೋಡಿದರು. "ರೋ ಮತ್ ಬೆಹೆನ್, ರೋ ಮತ್", ಅಳಬೇಡ ತಂಗಿ ಎಂದು ತಾವೂ ಕಣ್ಣೊರೆಸಿಕೊಂಡು, ಬುಟ್ಟಿಯಲ್ಲಿದ್ದ ಅಷ್ಟನ್ನೂ ತೆಗೆದುಕೊಂಡರು. ಗಾಡಿ ಹತ್ತಿದ ಮೇಲೆ ಇವಳು ನಕ್ಕದ್ದೇ ನಕ್ಕದ್ದು.

"ನಾ ಅಳ್ತಾ ಇಲ್ಲ, ಬಿಸ್ಲು ಕಣ್ಣಿಗೆ ಬಿದ್ದದ್ದು ಹೇಳಿ ಹೇಳುಕೆ ಬಾಯಿ ತೆಗ್ದೆ ಮಾರಾಯ. ಅಷ್ಟರಾಗೆ ಬುಟ್ಟಿ ಖಾಲಿ!"

"ಹಾಂಗಾರೆ ಆಗ ಅಳು ಬಂದಿತ್ತಾ ಇಲ್ವಾ?"

ಅವಳು ನಗು ನಿಲ್ಲಿಸಿದಳು. "ಅದೇ ಗೊತ್ತಾಗುದಿಲ್ಲ ಕಾಣು" ಎಂದಳು.

ಆ ಮಾತಿನ ಬೆಲೆ ನನಗೆ ಆಗ ತಿಳಿಯಲಿಲ್ಲ.

ಒಂದು ಸಂಜೆ ಕುಮಟೆಯಿಂದ ಖಾಲಿ ಬುಟ್ಟಿ ಹೇರಿಕೊಂಡು ಬರುತ್ತಿದ್ದೆವು. ಸೇತುವೆಯ ಮೇಲೆ ಯಾವುದೋ ಲಾರಿ ಕೆಟ್ಟು ಸಾಲು ನಿಂತಿತ್ತು. ಇಳಿಬಿಸಿಲು ನನ್ನ ಕಡೆಯ ಕಿಟಕಿಯಿಂದ ನುಗ್ಗಿ ಅವಳ ಮುಖದ ಮೇಲೆ ಬಿತ್ತು. ಅವಳು ಯಾವಾಗಲೂ ಮಾಡುವಂತೆ ಎರಡು ಬೆರಳಿನಿಂದ ಮೇಲಿನ ರೆಪ್ಪೆಯನ್ನು ಹಿಡಿದು ಮುಂದಕ್ಕೆ ಎಳೆದಳು. ಅದು ಎಲ್ಲರೂ ನೋಡಿದ ಅಭ್ಯಾಸವೇ. ಕಣ್ಣೊರೆಸಿಕೊಳ್ಳುವ ಅವಳ ರೀತಿ ಅಂದುಕೊಂಡಿದ್ದೆವು. ಆವತ್ತು ಬೆಳಕು ನೇರವಾಗಿ ಬಿದ್ದಿತ್ತು. ರೆಪ್ಪೆಯ ಹೊರಗೆ ಕೂದಲೇ ಇರಲಿಲ್ಲ. ಹಳೇ ಚಾಪೆಯ ಅಂಚು ಒಳಕ್ಕೆ ಸುರುಳಿಯಾಗುತ್ತದಲ್ಲ, ಹಾಗೆ ರೆಪ್ಪೆಯ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಕೂದಲು ಅಷ್ಟೂ ಕಣ್ಣಿನ ಗುಡ್ಡೆಗೆ ತಾಗಿಕೊಂಡಿದ್ದವು. ಅವಳು ಬೆರಳು ಬಿಟ್ಟು ಕಣ್ಣು ಮಿಟುಕಿಸಿದಾಗಲೆಲ್ಲ ಅವು ಗುಡ್ಡೆಯನ್ನು ಗುಡಿಸುತ್ತಿದ್ದವು.

"ಅಕ್ಕಾ, ನಿನ್ನ ರೆಪ್ಪೆ ಕೂದ್ಲು ಒಳಗೆ ತಿರುಗಿ ಅದೆ."

"ನಿನ್ನ ತಲೆ ತಿರುಗಿ ಅದೆ. ಮುಂದೆ ನಡಿ, ಹಿಂದಿನವ ಹಾರ್ನ್ ಹೊಡೀತಾ ಇದ್ದ."

"ಅಲ್ಲ ಅಕ್ಕಾ, ಕೇಳು. ವೈಪರಿನ ರಬ್ಬರು ಹೋದ್ರೆ ತಗಡು ಗಾಜಿಗೆ ತಾಗಿ ಗೀರು ಬೀಳ್ತದಲಾ, ಹಂಗೆ ಆಗ್ತಾ ಅದೆ."

"ನನ್ನ ಕಣ್ಣು ನಿನ್ನ ಗಾಡಿ ಗಾಜನಾ?"

"ಗಾಡಿ ಗಾಜಾದ್ರೆ ಬೇರೆ ಹಾಕ್ಸುಕೆ ಆಗ್ತದೆ."

ಮಂಕಿ ಊರು ದಾಟಿದ ಮೇಲೆ, "ಉಪ್ಪುಗಾಳಿ ಹೇಳಿ ತಿಳ್ಕಂಡಿದ್ದೆ ನಾನು. ಇಲ್ದಿದ್ರೆ ಮೀನಿನ ಸಿಪ್ಪೆ" ಎಂದಳು, ನನಗಲ್ಲ, ತನಗೇ.

ಮನೆಯಲ್ಲಿ ಅವಳ ಜೊತೆ ನಾದಿನಿ ಇದ್ದಳು. ಕಾಲಿಗೆ ಮುಳ್ಳು ಹೊಕ್ಕರೆ ತೆಗೆಯುವ ಚಿಮಟ ಹಿಡಿದು, ಅಂಗಳದ ಬಿಸಿಲಿನಲ್ಲಿ ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಕೂದಲನ್ನು ಒಂದೊಂದಾಗಿ ಕಿತ್ತಳಂತೆ. ಮಾರನೇ ದಿನ ಗಾಡಿ ಹತ್ತಿದವಳು ಗಾಜು ಇಳಿಸಿ ಕೂತಳು! ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ಕಣ್ಣು ತೆರೆದೇ ಇತ್ತು. ಕೆನ್ನೆ ಒಣಗಿತ್ತು. ಒಣಗಿದ ಆ ಮುಖ ಎಷ್ಟು ಅಪರಿಚಿತವಾಗಿತ್ತೆಂದರೆ ಹಿಂದಿನ ಹೆಂಗಸರೆಲ್ಲ ಬಗ್ಗಿ ಬಗ್ಗಿ ನೋಡಿದರು.

ಅಲ್ಲಿಂದಲೇ ಕಷ್ಟ ಶುರುವಾದದ್ದು. ಪೇಟೆಯಲ್ಲಿ ಒಬ್ಬಳು, "ಎಂತ ಅಕ್ಕಾ, ಇಂದು ಅಳು ಇಲ್ವಾ? ಬೇರೆ ಯಾರಾದ್ರೂ ಸಿಕ್ಕಿದ್ನಾ?" ಎಂದು ತಮಾಷೆ ಮಾಡಿದಳು. ಅಕ್ಕ ಅವಳಿಗೆ ತಕ್ಕ ಉತ್ತರ ಕೊಟ್ಟಳು; ಅದನ್ನು ಇಲ್ಲಿ ಬರೆಯಲಾಗುವುದಿಲ್ಲ. ಆದರೆ ಅದೇ ವಾರ ಮಾವಳ್ಳಿಯಲ್ಲಿ ಒಂದು ದೋಣಿ ತಡವಾಯಿತು. ಕರೆ ಬಂತು. ಅವಳು ಹೋಗಿ ಜಗಲಿಯಲ್ಲಿ ಕೂತಳು. ಕಣ್ಣಲ್ಲಿ ಹನಿ ನೀರಿಲ್ಲ. ಮನೆಯ ಮುದುಕಿ ಅವಳ ಮುಖವನ್ನೇ ನೋಡಿ ನೋಡಿ ಕೊನೆಗೆ, "ನಮ್ಮ ಮನೆ ಅಂದ್ರೆ ನಿಂಗೆ ಕಣ್ಣೀರೂ ಬರುದಿಲ್ವನೆ?" ಎಂದಳು. ದೋಣಿ ಆವತ್ತೇ ಬಂತು, ಯಾರಿಗೂ ಏನೂ ಆಗಲಿಲ್ಲ. ಅಕ್ಕ ಮಾತ್ರ ಮನೆಗೆ ಬಂದವಳು ಚಿಮಟವನ್ನು ಬಾವಿಗೆ ಎಸೆದಳು.

ಮತ್ತೊಂದು ಅಮಾವಾಸ್ಯೆ ಬರುವಷ್ಟರಲ್ಲಿ ಕೂದಲು ಹುಟ್ಟಿತು. ಗಡ್ಡ ಬೋಳಿಸಿದ ಮೇಲೆ ಹುಟ್ಟುವ ಮೊಳಕೆಯಂತೆ ಗಿಡ್ಡ, ಗಡಸು. ಮೊದಲಿಗಿಂತ ಹೆಚ್ಚು ಚುಚ್ಚುತ್ತಿತ್ತು. ನೀರು ಮೊದಲಿಗಿಂತ ಹೆಚ್ಚು ಸುರಿಯಿತು. ಊರಿಗೆ ಸಮಾಧಾನವಾಯಿತು. ನಾದಿನಿ ಮತ್ತೆ ಕೀಳುತ್ತೇನೆಂದರೆ ಇವಳು ಹತ್ತಿರ ಸೇರಿಸಲಿಲ್ಲ.

ವರ್ಷಗಳು ಹಾಗೆಯೇ ಸೇತುವೆಯ ಮೇಲೆ ಹೋಗಿ ಬಂದವು. ಒಂದು ದಿನ ಅವಳ ಬಲಗಣ್ಣಿನ ಕಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡೆ. ಮೀನಿನ ಸಿಪ್ಪೆ ಅಂಟಿದಂತೆ. ಒರೆಸಿದರೆ ಹೋಗುವಂಥದ್ದಲ್ಲ. ಆವತ್ತು ನಾನು ಕೇಳಲಿಲ್ಲ, ಹೇಳಲಿಲ್ಲ. ಮೀನು ಇಳಿಸಿದ ಮೇಲೆ ಗಾಡಿಯನ್ನು ಸೀದಾ ಕುಮಟೆಯ ಕಣ್ಣಿನ ಡಾಕ್ಟರಮ್ಮನ ಬಾಗಿಲಲ್ಲಿ ನಿಲ್ಲಿಸಿದೆ. "ಮೀನು ವಾಸನೆ ಇಟ್ಕಂಡು ಒಳಗೆ ಹೋಗುದಾ?" ಎಂದು ಬೈದಳು. ಆದರೂ ಇಳಿದಳು.

ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಗಡಿಬಿಡಿ ಇಲ್ಲದವರು. ಕಣ್ಣಿಗೆ ಹಳದಿ ಹನಿ ಬಿಟ್ಟು, ಕೋಣೆ ಕತ್ತಲು ಮಾಡಿ, ನೀಲಿ ದೀಪ ಹಿಡಿದರು. "ನೀವೂ ನೋಡಿ" ಎಂದು ನನ್ನನ್ನು ಕರೆದರು. ಕಪ್ಪು ಗುಡ್ಡೆಯ ಮೇಲೆ ಹಸಿರು ಗೀರುಗಳು ಹೊಳೆಯುತ್ತಿದ್ದವು. ಕೆಲವು ಸಲ ಕತ್ತಲಲ್ಲಿ ಅಲೆ ಒಡೆದಲ್ಲಿ ಸಮುದ್ರವೇ ಹಸಿರಾಗಿ ಹೊಳೆಯುತ್ತದೆ; ಹಾಗೆ. ಅಷ್ಟು ಚಂದದ ಬೆಳಕು ಅಷ್ಟೂ ಗಾಯ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಸಣ್ಣವರಿದ್ದಾಗ ಮತ್ತೆ ಮತ್ತೆ ಕಣ್ಣು ಬೇನೆ ಬಂದಿತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಯಾರಿಗೆ ಬರ್ಲಿಲ್ಲ? ಮನೆಯವ್ರೆಲ್ಲಾ ಒಂದೇ ಪಂಜಿಗೆ ಮುಖ ಒರೆಸುದು."

"ಆ ಬೇನೆ ರೆಪ್ಪೆಯ ಒಳಗಡೆ ಗಾಯದ ಕಲೆ ಬಿಟ್ಟು ಹೋಗಿದೆ ಅಕ್ಕಾ. ಕಲೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಕುಗ್ಗುವಾಗ ರೆಪ್ಪೆಯ ಅಂಚನ್ನು ಒಳಕ್ಕೆ ಎಳೆಯುತ್ತದೆ. ಕೂದಲಿನದ್ದು ತಪ್ಪಲ್ಲ, ಅಂಚೇ ತಿರುಗಿದೆ. ಕಿತ್ತರೆ ಮತ್ತೆ ಬರುತ್ತದೆ. ಒಂದೆರಡು ಕೂದಲಾಗಿದ್ದರೆ ಕರೆಂಟಿನ ಸೂಜಿಯಲ್ಲಿ ಬೇರು ಸುಡಬಹುದಿತ್ತು. ನಿಮ್ಮದು ಸಾಲಿಗೆ ಸಾಲೇ ಒಳಗೆ. ರೆಪ್ಪೆಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ಸ್ವಲ್ಪ ಕೊಯ್ದು, ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿಗೆ ಹಾಕಬೇಕು. ಆಮೇಲೂ ಆಗಾಗ ಬಂದು ತೋರಿಸಬೇಕು, ಕೆಲವರಿಗೆ ಮತ್ತೆ ತಿರುಗುವುದುಂಟು. ಬಿಳಿಯಾದದ್ದು ಬಿಳಿಯೇ. ಉಳಿದದ್ದನ್ನಾದರೂ ಉಳಿಸೋಣ. ತಡ ಮಾಡಿದರೆ ಅದೂ ಹೋಗುತ್ತದೆ."

ಅಕ್ಕ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಆಪ್ರೇಶನ್ ಆದ ಮೇಲೆ ನೀರು ನಿಲ್ತದಾ?"

"ನಿಲ್ಲುತ್ತದೆ" ಎಂದು ಡಾಕ್ಟರಮ್ಮ ಸಂತೋಷದಿಂದ ಹೇಳಿದರು.

ಅಕ್ಕ ಎದ್ದು, ಸೆರಗು ಕೊಡವಿ, ಹೊರಗೆ ಬಂದು ಗಾಡಿಯಲ್ಲಿ ಕೂತುಬಿಟ್ಟಳು. ಡಾಕ್ಟರಮ್ಮ ನನ್ನ ಮುಖ ನೋಡಿದರು. ತಾವು ಏನು ತಪ್ಪು ಹೇಳಿದೆವೆಂದು ಅವರಿಗೆ ತಿಳಿಯಲಿಲ್ಲ. ನನಗೆ ತಿಳಿದಿದೆ ಎಂದುಕೊಂಡು ನಾನು ಅವಳ ಹಿಂದೆಯೇ ಹೊರಟೆ.

ದಾರಿಯಲ್ಲಿ ನಾನೇ ಮಾತು ತೆಗೆದೆ. "ಜನ ಎಂತ ಹೇಳ್ತಾರೆ ಹೇಳಿ ಕಣ್ಣು ಕಳ್ಕಂತ್ಯಾ?"

"ಜನ ಹಾಳಾಗ್ಲಿ."

"ಮತ್ತೆ ಎಂತ?"

ಶರಾವತಿಯ ನೀರು ಎರಡೂ ಕಡೆ ಹರಡಿಕೊಂಡು, ಸೇತುವೆ ಎಂದೂ ಮುಗಿಯದು ಎನಿಸುತ್ತಿತ್ತು.

"ಅವ್ರು ಹೋದ ಹೊಸತ್ರಲ್ಲಿ ನಾ ಅತ್ತಿದ್ದೆ. ಅದು ಖರೆ. ಎದೆಯಿಂದ ಬರ್ತಿತ್ತು. ಆಮೇಲೆ ಅದು ಯಾವಾಗ ನಿಂತ್ತೋ ನಂಗೇ ಗೊತ್ತಿಲ್ಲ. ಕಣ್ಣು ಹರೀತಾ ಇತ್ತಲಾ, ನಾ ಇನ್ನೂ ಅಳ್ತಾ ಇದ್ದೆ ಹೇಳಿ ತಿಳ್ಕಂಡೆ. ಈಗ ಆ ಡಾಕ್ಟ್ರಮ್ಮ ನೀರು ನಿಲ್ಸ್ತಾಳೆ. ನಿಂತ ಮೇಲೆ ಒಳಗೆ ಎಂತದೂ ಇಲ್ಲ ಹೇಳಿ ಆದ್ರೆ? ಇಷ್ಟು ವರ್ಷ ನಾ ಅವ್ರಿಗೆ ಅತ್ತದ್ದೇ ಅಲ್ಲ, ಬರೀ ಕೂದ್ಲು ಚುಚ್ಚಿದ್ದು ಹೇಳಿ ಆದ್ರೆ? ಆಗ ನಾ ಎಂತ ಮಾಡುದಾ ತಮಾ?"

ಸ್ಟೇರಿಂಗ್ ಹಿಡಿದವನಿಗೆ ಎಲ್ಲ ದಾರಿಯೂ ಗೊತ್ತಿರುತ್ತದೆ ಎಂದು ನನಗೆ ಜಂಬವಿತ್ತು. ಆವತ್ತು ಅವಳನ್ನು ಮನೆ ಬಾಗಿಲಿಗೆ ಬಿಟ್ಟು, ಖಾಲಿ ಬುಟ್ಟಿಯನ್ನು ಅವಳ ಜಗಲಿಗೆ ಇಳಿಸಿ ಬಂದೆ, ಅಷ್ಟೇ.

ಅವಳ ಮನಸ್ಸನ್ನು ತಿರುಗಿಸಿದ್ದು ನಾನಲ್ಲ, ಡಾಕ್ಟರಮ್ಮನೂ ಅಲ್ಲ. ಆ ವರ್ಷ ಮಳೆಗಾಲ ಮುಗಿದು ದೋಣಿ ಇಳಿಸಿದ ಹೊಸತರಲ್ಲಿ ಗಾಳಿ ಎದ್ದಿತು. ಒಂದು ದೋಣಿ ತಡವಾಯಿತು. ಅದರಲ್ಲಿದ್ದವನ ಹೆಂಡತಿ ತೀರಾ ಸಣ್ಣವಳು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಕೂರಲಾರದೆ ಅಕ್ಕನ ಕೈ ಹಿಡಿದುಕೊಂಡು ದಡಕ್ಕೆ ಬಂದಳು. ನಾನೂ ಅಲ್ಲಿದ್ದೆ. ದೂರದಲ್ಲಿ ಒಂದು ದೋಣಿ ಕಂಡಿತು.

"ಅಕ್ಕಾ, ಅದು ನಮ್ದೇ ಅಲ್ದಾ? ನಮ್ದೇ ಅಲ್ದಾ?"

ಅಕ್ಕನಿಗೆ ಕಂಡದ್ದು ಏನೋ. ನೀರೊಳಗೆ ತೇಲುವ ಎರಡು ದೋಣಿ, ಎರಡಕ್ಕೂ ಅವಳು ಬಯಸಿದ ಬಣ್ಣ. "ನಿಮ್ದೇಯ ಮಗಾ, ನಿಮ್ದೇಯ" ಎಂದಳು. ಹುಡುಗಿ ಕೈ ಬಿಡಿಸಿಕೊಂಡು ಸೊಂಟದವರೆಗೆ ನೀರಿಗೆ ಓಡಿದಳು, ಗಂಡನ ಹೆಸರು ಹಿಡಿದು ಕೂಗುತ್ತ. ದೋಣಿ ಹತ್ತಿರ ಬಂತು. ಬೇರೆಯವರದು. ಅದರಲ್ಲಿದ್ದವರು ಆ ಹುಡುಗಿಯ ಮುಖ ನೋಡಲಾರದೆ ತಲೆ ಬಗ್ಗಿಸಿ ಹಗ್ಗ ಎಳೆದರು. ಹುಡುಗಿ ನೀರಿನಲ್ಲೇ ನಿಂತು ತಿರುಗಿ ಅಕ್ಕನನ್ನು ನೋಡಿದಳು. ಸಂಜೆಯೊಳಗೆ ಅವಳ ಗಂಡನ ದೋಣಿಯೂ ಬಂತು, ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಮಾರನೇ ಬೆಳಿಗ್ಗೆ ಬುಟ್ಟಿ ಇಲ್ಲದೆ ಬಂದು ಮುಂದಿನ ಸೀಟಿನಲ್ಲಿ ಕೂತಳು.

"ನಡಿ, ಆ ಡಾಕ್ಟ್ರಮ್ಮನ ಹತ್ರ. ಅಳುದಕ್ಕೇ ಕಣ್ಣು ಇಟ್ಕಂಡು ಸಾಕಾತು."

ಮೊದಲು ಬಲಗಣ್ಣು, ಕೆಲವು ವಾರ ಬಿಟ್ಟು ಎಡಗಣ್ಣು. ಒಳಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಪಟ್ಟಿ ಕಟ್ಟಿಕೊಂಡು ಹೊರಗೆ ಬಂದವಳ ಮೊದಲ ಮಾತು, "ಸೀರೆ ಅಂಚು ಮಡಚಿ ಹೊಲೀತಾರಲಾ, ಹಂಗೇಯ. ಆ ಹೆಂಗ್ಸು ಟೇಲರ್ ಆದ್ರೂ ಹೊಟ್ಟೆ ಹೊರೀತಾಳೆ." ರೆಪ್ಪೆ ಊದಿಕೊಂಡು ಒಂದಿಷ್ಟು ದಿನ ಮುಖವೇ ಬೇರೆಯಾಗಿತ್ತು. ಹೊಲಿಗೆ ಬಿಚ್ಚಿಸಿ, ಹನಿ ಮದ್ದು ಮುಗಿಸಿ, ಅವಳು ಮತ್ತೆ ಬುಟ್ಟಿ ಹಿಡಿದು ಗಾಡಿ ಹತ್ತಿದ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಬಲಗಣ್ಣಿನ ಬಿಳಿ ಹೋಗಿರಲಿಲ್ಲ; ಡಾಕ್ಟರಮ್ಮ ಹೇಳಿದಂತೆಯೇ. ಆದರೆ ಎಡಗಣ್ಣು ಕರ್ರಗೆ ಹೊಳೆಯುತ್ತಿತ್ತು, ಅದರ ಮೇಲೆ ಗಿಡ್ಡ ಕೂದಲು ಹೊರಮುಖವಾಗಿ ನಿಂತಿದ್ದವು.

ಸೇತುವೆ ಬಂತು. ಅವಳು ಕಿಟಕಿಗೆ ಮುಖ ಹಚ್ಚಿ ಕೂತಳು. ಹೊಳೆ ಸಮುದ್ರ ಸೇರುವಲ್ಲಿ ಬಿಳಿ ಗೆರೆ. ಆಚೆ ದ್ವೀಪ. ಒಂದು ಹಕ್ಕಿ, ಒಂದೇ. ನಾನು ಗಾಡಿ ನಿಧಾನ ಮಾಡಿದೆ. ಹಿಂದೆ ಯಾರೂ ತಗಡು ಬಡಿಯಲಿಲ್ಲ. ಅಷ್ಟು ಜನ ಹೆಂಗಸರು ಒಂದೇ ಸಲ ಸುಮ್ಮನಿದ್ದದ್ದು ನನ್ನ ಗಾಡಿಯಲ್ಲಿ ಅದೊಂದೇ ಸಲ. ಸೇತುವೆ ಇಳಿದ ಮೇಲೆ ಅವಳು ನನ್ನ ಕಡೆ ತಿರುಗಿ ಕಣ್ಣು ಕಿರಿದು ಮಾಡಿ ನೋಡಿದಳು.

"ನಿನ್ನ ತಲೆ ಕೂದ್ಲು ಇಷ್ಟು ಹೋಗಿದ್ದು ಯಾವಾಗಾ?"

ಆವತ್ತು ಪೇಟೆಯಲ್ಲಿ ಜನ ಅವಳ ಹತ್ತಿರ ಚೌಕಾಸಿಗೆ ನಿಂತರು. ಅವಳಿಗೆ ಹಬ್ಬ. ಇಷ್ಟು ವರ್ಷ ಬಾಯಲ್ಲೇ ಉಳಿದುಹೋದ ಜಗಳವನ್ನೆಲ್ಲ ಒಂದೇ ಬೆಳಿಗ್ಗೆ ಆಡಿ ಮುಗಿಸಿದಳು. ಆದರೆ ಕೇರಿಯಿಂದ ಕರೆ ಬರುವುದು ನಿಂತಿತು. ದೋಣಿ ತಡವಾದ ಮನೆಗಳು ಅವಳನ್ನು ಮರೆತವು. ಬೇಕೆಂದು ದೂರ ಮಾಡಿದ್ದಲ್ಲ. ಒಣಗಿದ ಕಣ್ಣನ್ನು ಕರೆದು ಏನು ಮಾಡುವುದೆಂದು ತಿಳಿಯಲಿಲ್ಲ, ಅಷ್ಟೇ. ಅವಳು ಆ ವಿಷಯ ಎತ್ತಲಿಲ್ಲ. ಕೆಲವು ಸಲ ಹೋಗುವ ದಾರಿಯಲ್ಲಿ ಬೆರಳು ತಾನಾಗಿ ರೆಪ್ಪೆಯವರೆಗೆ ಹೋಗಿ, ಎಳೆಯಲು ಏನೂ ಇಲ್ಲದೆ ಹಾಗೇ ಇಳಿಯುತ್ತಿತ್ತು. ಒಳಗೆ ಏನಿದೆ ಎಂದು ಅವಳು ಹುಡುಕುತ್ತಿದ್ದಾಳೆ, ಇನ್ನೂ ಸಿಕ್ಕಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಮುಂದಿನ ವರ್ಷ ಕುಮಟೆ ಹತ್ತಿರದ ಬಾಡದಲ್ಲಿ ಒಂದು ದೋಣಿ ಹೊತ್ತಿಗೆ ಬರಲಿಲ್ಲ. ಪೇಟೆಯಲ್ಲಿ ಸುದ್ದಿ ಕೇಳಿದೆವು. ಯಾರೂ ಅವಳನ್ನು ಕರೆದಿರಲಿಲ್ಲ. "ಗಾಡಿ ಬಾಡಕ್ಕೆ ತಿರುಗ್ಸು" ಎಂದಳು. ಮೀನು ಇನ್ನೂ ಅರ್ಧ ಬುಟ್ಟಿ ಇತ್ತು.

ಅವಳು ಮನೆಯ ಜಗಲಿಗೆ ಹೋಗಲಿಲ್ಲ. ಸೀದಾ ದಡಕ್ಕೆ ಹೋಗಿ ಎಡಗೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ಬಾರದ ದೋಣಿಯ ಗುರುತು ಹೇಳಿ, ಅವಳ ಹಿಂದೆ ನಿಂತರು. ಅವಳು ಕಂಡದ್ದನ್ನು ಹೇಳತೊಡಗಿದಳು. ಅದು ದೊಡ್ಡ ಬೋಟು, ನಿಮ್ಮದಲ್ಲ. ಅದು ಬರೀ ನೆರಳು. ಅಲ್ಲೊಂದು ಅದೆ, ಇನ್ನೂ ಗೊತ್ತಾಗುದಿಲ್ಲ, ಗೊತ್ತಾದ್ರೆ ಮಾತ್ರ ಹೇಳ್ತೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದಳು. ಬಿಸಿಲು ಏರಿತು, ಇಳಿಯಿತು. ಸಮುದ್ರ ಬೆಳ್ಳಿಯಾಗಿ, ತಾಮ್ರವಾಗಿ, ಕೊನೆಗೆ ಬಣ್ಣವೇ ಇಲ್ಲದ್ದಾಯಿತು. ಆ ಹೊತ್ತಿನಲ್ಲಿ ಅವಳು ಒಂದು ಹೆಜ್ಜೆ ಮುಂದೆ ಹೋದಳು.

"ಹಸಿರು ಪಟ್ಟಿ ಅದೆ. ಮುಂದೆ ಕೂತವ ಬಿಳಿ ಬಟ್ಟೆ ಬೀಸ್ತಾ ಇದ್ದ. ಬಂತು. ನಿಮ್ದೇಯ."

ಬೇರೆ ಯಾರ ಕಣ್ಣಿಗೂ ಅದು ಇನ್ನೂ ಕಂಡಿರಲಿಲ್ಲ. ಹೆಂಗಸರು ಓಡಿದರು. ಅವಳು ಓಡಲಿಲ್ಲ. ನಿಂತಲ್ಲೇ ಅವಳ ಮುಖ ಮುದುಡಿತು, ಬಾಯಿ ಸೊಟ್ಟಗಾಯಿತು, ಮೂಗು ಸೋರಿತು, ಮರಳಿನಲ್ಲಿ ಕೂತು, ಎದೆ ಎತ್ತಿ ಎತ್ತಿ, ಊರಿಗೆ ಕೇಳುವ ಹಾಗೆ ಅತ್ತಳು. ಗಂಡನ ಹೆಸರು ಹೇಳಿ ಅತ್ತಳು. ಅಷ್ಟು ವರ್ಷ ಜೊತೆಯಲ್ಲಿ ಬಂದ ನಾನು ಅವಳು ಅತ್ತದ್ದನ್ನು ಅದುವರೆಗೆ ನೋಡಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ನಾನು ಹತ್ತಿರ ಹೋಗಿ ಕೂತೆ. ಸೆರಗಿನಿಂದ ಮುಖ ಒರೆಸಿಕೊಂಡು, ಬಿಕ್ಕುತ್ತಲೇ, ಏನೋ ಕಳೆದದ್ದು ಸಿಕ್ಕವಳ ಹಾಗೆ ನಕ್ಕು ಹೇಳಿದಳು:

"ಅದೆ ತಮಾ. ಒಳಗೆ ಅದೆ."

ಆಮೇಲೆ ಮತ್ತೆ ಕರೆ ಬರತೊಡಗಿತು, ಜಗಲಿಗಲ್ಲ, ದಡಕ್ಕೆ. ಡಾಕ್ಟರಮ್ಮನ ಹತ್ತಿರ ವರ್ಷಕ್ಕೊಮ್ಮೆ ಹೋಗಿ ರೆಪ್ಪೆ ತೋರಿಸಿ, ಒಂದು ಕಟ್ಟು ನೊಗಲಿ ಮೀನು ಕೊಟ್ಟು ಬರುತ್ತಿದ್ದಳು. ಹೋದ ಸಲ ಮಳೆ ಹಿಡಿಯುವ ಮೊದಲು ಜ್ವರ ಬಂದು ಮಲಗಿದಳು, ಏಳಲಿಲ್ಲ. ಅವಳ ಕಣ್ಣು ಮುಚ್ಚಿಸಿದ್ದು ನಾದಿನಿ.

ಆ ಮೇಲೆ ಗಾಡಿ ಓಡಿಸುವಾಗ ನನಗೆ ಕಣ್ಣು ಮಂಜಾಗತೊಡಗಿತು. ದಾರಿ ನೀರೊಳಗೆ ಹೋಗುತ್ತಿತ್ತು. ಡ್ರೈವರನಿಗೆ ಅದು ನಡೆಯುವುದಿಲ್ಲ. ಕುಮಟೆಗೆ ಹೋದಾಗ ಡಾಕ್ಟರಮ್ಮನಿಗೆ ತೋರಿಸಿದೆ. ದೀಪ ಹಾಕಿ ರೆಪ್ಪೆ ಮಡಚಿ ನೋಡಿದರು, ನನ್ನನ್ನೂ ನೋಡಿದರು, ಕಣ್ಣಿಗೆ ಏನೂ ಆಗಿಲ್ಲ ಎಂದರು, ಮದ್ದು ಬರೆಯಲಿಲ್ಲ.

ಶಾಲೆ ಬಿಟ್ಟವನ ಹತ್ತಿರ ಈಗ ಇರುವುದು ಇಷ್ಟು. ಟೆಂಪೊ ಎರಡು. ಸಿಮೆಂಟಿನ ಮನೆ ಒಂದು. ಬಾವಿ ಒಂದು. ಹೆಂಡತಿ, ಮಗಳು, ಮಗ. ಕಣ್ಣು ಎರಡು, ರೆಪ್ಪೆ ಕೂದಲು ಅಷ್ಟೂ ಹೊರಮುಖ.